ಅನ್ನ ಅಗ್ಗ, ಕುರ್ಚಿ ತುಟ್ಟಿ

ಮುಂಬಯಿಗೆ ಹೋದದ್ದು ಕೋರ್ಟಿನ ಕಾಗದಪತ್ರದ ಕೆಲಸಕ್ಕೆ. ಆ ಕೆಲಸ ಏನಾಯಿತೆಂದು ಕೇಳಬೇಡಿ, ಊಟ ಏನಾಯಿತೆಂದು ಕೇಳಿ. ಪರವೂರಿನಲ್ಲಿ ಒಳ್ಳೆಯ ಊಟವನ್ನು ಕಡಿಮೆ ದುಡ್ಡಿಗೆ ಹುಡುಕುವುದು ನನ್ನ ಚಟ. ಐವತ್ತು ರೂಪಾಯಿ ಉಳಿಸಲು ಟ್ಯಾಕ್ಸಿಗೆ ನೂರಿಪ್ಪತ್ತು ಕೊಟ್ಟು, ಹೆಂಡತಿಗೆ ಫೋನಿನಲ್ಲಿ ಐವತ್ತರ ಲೆಕ್ಕ ಮಾತ್ರ ಒಪ್ಪಿಸುವವನು ನಾನು.

ಡೊಂಬಿವಲಿಯ ನಾದಿನಿ, "ಭಾವ, ಸುಮ್ಮನೆ ಡಬ್ಬಿ ತಗೊಂಡು ಹೋಗಿ" ಎಂದಳು. ಒಲ್ಲೆ ಎಂದೆ. ಷಡ್ಡಕ ಮೊಬೈಲು ತೆರೆದು ಯಾವ ಹೋಟೆಲಿಗೆ ಎಷ್ಟು ಸ್ಟಾರು ಎಂದು ಓದತೊಡಗಿದ. ಸ್ವಂತ ಮನೆಯ ಸಾರು ಬಿಟ್ಟು ಬೇರೆ ಸಾರು ಮೂಸದ ಮನುಷ್ಯ! ನನ್ನ ಶಾಸ್ತ್ರವೇ ಬೇರೆ. ಒಂದು ಗಂಟೆಗೆ ಬ್ಯಾಂಕಿನ ಜವಾನರು ಎಲ್ಲಿ ನುಗ್ಗುತ್ತಾರೋ ಅಲ್ಲಿ ನುಗ್ಗುವುದು.

1890ರಿಂದ ಡಬ್ಬಾವಾಲಾಗಳು ಮನೆಯೂಟವನ್ನು ಆಫೀಸಿಗೆ ಮುಟ್ಟಿಸುತ್ತಿರುವ ಊರು ಅದು. ಡಬ್ಬಿ ಇಲ್ಲದ ಪಾಪಿಗಳೆಲ್ಲ ಮಧ್ಯಾಹ್ನ ಫೋರ್ಟಿನ ಗಲ್ಲಿಗಳಿಗೆ ಸುರಿಯುತ್ತಾರೆ. ನಾನೂ ಸುರಿದೆ. ಗಲ್ಲಿಯೊಳಗಿನ ಗಲ್ಲಿಯಲ್ಲಿ ಒಂದು ಉಡುಪಿ ಹೋಟೆಲು, ಗೋಡೆಯ ಮೇಲೆ 'ರೈಸ್ ಪ್ಲೇಟ್ ಇಬ್ಬರು ಹಂಚಿಕೊಳ್ಳಬಾರದು' ಎಂಬ ಕಟ್ಟಪ್ಪಣೆ. ರೇಟು ನೋಡಿ ಕಣ್ಣು ತುಂಬಿತು. ಆದರೆ ಕುರ್ಚಿ?

ಅಲ್ಲಿನ ಪದ್ಧತಿ ಸರಳ. ಉಣ್ಣುವವರೊಬ್ಬರನ್ನು ಆರಿಸಿಕೊಂಡು ಅವರ ಬೆನ್ನಿಗೆ ನಿಲ್ಲಬೇಕು. ಮಜ್ಜಿಗೆಯ ಹಂತದಲ್ಲಿದ್ದ ಬಿಳಿ ಅಂಗಿಯ ಮಹನೀಯರೊಬ್ಬರನ್ನು ಆರಿಸಿದೆ. ಅವರು ಮಜ್ಜಿಗೆ ಇಟ್ಟು ಹಪ್ಪಳ ಎತ್ತಿದರು. ನಾಲ್ಕು ತುಂಡು ಮಾಡಿದರು. ಒಂದು ತುಂಡನ್ನು ದಾಲಿನಲ್ಲಿ ಅದ್ದಿ, ಅದು ಮೆತ್ತಗಾಗುವವರೆಗೆ ಗೋಡೆಯ ಗಣಪತಿಯನ್ನು ನೋಡಿದರು. ಅವರ ಕತ್ತಿನ ಹಿಂದಿನ ಮಚ್ಚೆ ನನಗೆ ಬಾಯಿಪಾಠವಾಯಿತು. ಎರಡನೇ ತುಂಡು. ಫೋನು ಬಂತು, ಎಡಗೈಯಲ್ಲಿ ಹಿಡಿದು ಯಾರದೋ ಮದುವೆಯ ಹಾಲ್ ಬುಕ್ ಮಾಡಿದರು. ಮೂರನೇ ತುಂಡು. ಕನ್ನಡ ಯಾರಿಗೆ ತಿಳಿಯುತ್ತದೆಂದು ನಾನು ಗಟ್ಟಿಯಾಗಿಯೇ, "ಏಳೋ ಪುಣ್ಯಾತ್ಮ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಜಪ ಶುರುಮಾಡಿದೆ. ಪುಣ್ಯಾತ್ಮ ಒಂದು ಬಟ್ಟಲು ಮೊಸರು ತರಿಸಿಕೊಂಡ.

ಕಡೆಗೂ ಕೂತೆ. ಪೂರಿ ಮುರಿಯುವಷ್ಟರಲ್ಲಿ ಬೆನ್ನಿಗೆ ಬಿಸಿಯುಸಿರು ತಾಗಿತು. ನನ್ನನ್ನೂ ಯಾರೋ ಆರಿಸಿಕೊಂಡಿದ್ದರು! ಮರುಕ ಹುಟ್ಟಬೇಕಿತ್ತು, ಹುಟ್ಟಿದ್ದು ಮದ. ಹಪ್ಪಳವನ್ನು ಎಂಟು ತುಂಡು ಮಾಡಿದೆ. ಬೇಡದ ಮೊಸರು ತರಿಸಿದೆ. ಬಡಿಸುತ್ತಿದ್ದ ನರೆಗೂದಲಿನವರು ಬಗ್ಗಿ ಮೆಲ್ಲಗೆ, "ಬೇಗ ಏಳಿ ಮಾರಾಯ್ರೆ, ನಿಮ್ಮ ಹಿಂದೆ ಮೂರು ಜನ ಉಂಟು. ನಿಮ್ಮ ಜಪ ನಾನು ಕೇಳಿದ್ದೇನೆ" ಎಂದರು.

ಕೈ ತೊಳೆಯುವಲ್ಲಿ ಎರಡು ಮಾತಾಡಿದೆವು. ಕುಂದಾಪುರದ ಕಡೆಯವರು. ಹುಡುಗನಾಗಿ ಬಂದು, ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರು. ಕರಾವಳಿಯ ಎಷ್ಟೋ ಹುಡುಗರಿಗೆ ಅಕ್ಷರ ಕೊಟ್ಟ ಆ ರಾತ್ರಿಶಾಲೆಗಳಲ್ಲಿ ಹೆಚ್ಚಿನವು ಈಗಿಲ್ಲ. "ನಿಮ್ಮ ಊಟ ಎಷ್ಟೊತ್ತಿಗೆ?" ಎಂದೆ. "ನಾಲ್ಕರ ಮೇಲೆ. ನಿಂತುಕೊಂಡೇ."

"ಆಗ ಕುರ್ಚಿಗಳು ಖಾಲಿ ಇರುತ್ತವಲ್ಲ?"

"ಇರ್ತವೆ. ಕೂತರೆ ಏಳ್ಲಿಕ್ಕೆ ಆಗುವುದಿಲ್ಲ."

ಏನು ಹೇಳಬೇಕೋ ತೋಚದೆ ಟಿಪ್ಸು ಕೊಡಹೋದೆ. ಅವರು ಆಗಲೇ ಸಾಂಬಾರಿನ ಬಕೆಟ್ಟು ಹಿಡಿದು ಹೊರಟಿದ್ದರು. ಹೋಗುತ್ತ, "ಸಮಾಧಾನದಲ್ಲಿ ಉಣ್ಣುವುದಾದರೆ ಮಾಟುಂಗಕ್ಕೆ ಹೋಗಿ" ಎಂದರು.

ಮರುದಿನ ಹೋದೆ. ಸ್ಟೇಷನ್ನಿನ ಮಗ್ಗುಲಲ್ಲೇ ಮೆಟ್ಟಿಲು ಹತ್ತಿದರೆ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು. ಕಾಯುವವರು ಕಾಯುವ ಕಡೆಯೇ ಇದ್ದರು. ಬೆನ್ನ ಹಿಂದೆ ನರಪಿಳ್ಳೆಯಿಲ್ಲ. ಬಾಳೆಲೆ, ಬಿಸಿ ಅನ್ನ, ಸಾರು, ಬೇಕಾದಷ್ಟು ಹೊತ್ತು. ಆದರೆ ಬೆನ್ನಿಗೆ ಅಭ್ಯಾಸವಾಗಿಬಿಟ್ಟಿತ್ತು. ಎರಡು ಸಲ ತಿರುಗಿ ನೋಡಿದೆ, ಗಬಗಬ ತಿಂದೆ, ಎದ್ದೆ. ಪಾಯಸ ಬರುವ ಹೊತ್ತಿಗೆ ನನ್ನ ಎಲೆ ಮಡಚಿತ್ತು.

ಮತ್ತೊಂದು ಊಟಕ್ಕೆ ದುಡ್ಡು ಕೊಟ್ಟು ಬಂದು ಕೂತೆ. ಈ ಸಲ ಮೊದಲಿಗೇ ಪಾಯಸ ಕೇಳಿದೆ.