ಲಿಸ್ಟಣ್ಣನ ಶುಭ ಮುಂಜಾನೆ

ಚಿಂತಾಮಣಿಯಲ್ಲಿ ಬೆಳಗಾಗುವುದು ಸೂರ್ಯನಿಂದ ಎಂದು ತಿಳಿದವರು ಇನ್ನೂ ಕೆಲವರಿದ್ದಾರೆ. ಅವರ ಫೋನ್ ನಂಬರ್ ಲಿಸ್ಟಣ್ಣನಿಗೆ ಸಿಕ್ಕಿಲ್ಲ ಎಂದರ್ಥ. ಅಂಬಾಜಿ ದುರ್ಗದ ಬೆಟ್ಟ ಇನ್ನೂ ಕತ್ತಲಿನ ಮುಸುಕು ಹೊದ್ದು ಮಲಗಿರುವಾಗಲೇ, ಡೇರಿ ಮುಂದೆ ಹಾಲಿನ ಕ್ಯಾನುಗಳು ಸದ್ದು ಮಾಡುವ ಮೊದಲೇ, ತಲೆದಿಂಬಿನ ಪಕ್ಕದ ಫೋನು 'ಟಿಂಗ್' ಎನ್ನುತ್ತದೆ. ತೆರೆದರೆ ಗುಲಾಬಿ, ಗುಲಾಬಿಯ ಮೇಲೆ ಇಬ್ಬನಿ, ಪಕ್ಕದಲ್ಲಿ ಹೊಗೆಯಾಡುವ ಕಾಫಿ, ಕಾಫಿಯ ಮೇಲೆ ಆಂಜನೇಯ. ಬಲಮೂಲೆಯಲ್ಲಿ ಆಂಜನೇಯನಿಗಿಂತ ಒಂದಿಷ್ಟು ದೊಡ್ಡದಾಗಿ, ಕೈಮುಗಿದು ನಿಂತ ಲಿಸ್ಟಣ್ಣ. ಕೆಳಗೆ ಹಳದಿ ಅಕ್ಷರ: 'ತಮಗೂ ತಮ್ಮ ಕುಟುಂಬದವರಿಗೂ ಶುಭ ಮುಂಜಾನೆ. ಇಂತಿ, ಯುವ ಮುಖಂಡರು ಹಾಗೂ ಸಮಾಜ ಸೇವಕರು.'

ಯುವ ಮುಖಂಡರಿಗೆ ಈಗ ಐವತ್ತನಾಲ್ಕು.

ಲಿಸ್ಟಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು ಇಟ್ಟದ್ದು ರೇಷನ್ ಕಾರ್ಡಿನಲ್ಲಿ ಸುಖವಾಗಿದೆ. ಅಂಥವನು ಒಬ್ಬನೇ ಅಲ್ಲ. ಶಿಡ್ಲಘಟ್ಟದ ಲಿಸ್ಟಣ್ಣ ಗುಲಾಬಿಯ ಕೆಳಗೆ ರೇಷ್ಮೆ ಗೂಡಿನ ರೇಟು ಬರೆಯುತ್ತಾನೆ. ಚಿಕ್ಕಬಳ್ಳಾಪುರದವನು ನಂದಿ ಬೆಟ್ಟದ ಮಂಜನ್ನು ಬೆರೆಸುತ್ತಾನೆ. ಗೌರಿಬಿದನೂರಿನವನಿಗೆ ವಿದುರಾಶ್ವತ್ಥದ ನಾಗರಕಲ್ಲುಗಳ ಫೋಟೊ ಇಲ್ಲದೆ ಸೋಮವಾರ ಹುಟ್ಟುವುದಿಲ್ಲ. ಚಿಂತಾಮಣಿಯವನದು ಎರಡು ಭಾಷೆಯ ಕಾರುಬಾರು. ಆಂಧ್ರದ ಗಡಿ ಹತ್ತಿರ, ಬೀದಿಗೆ ನಾಲ್ಕು ಮನೆಯಲ್ಲಾದರೂ ತೆಲುಗು ಮಾತು. ಹಾಗಾಗಿ 'ಶುಭೋದಯ'ದ ಬೆನ್ನಿಗೇ 'ಶುಭೋದಯಂ' ಬರುತ್ತದೆ. ಕೈವಾರದ ಸಂತಕವಿ ತಾತಯ್ಯನವರು ಎರಡು ಭಾಷೆಯಲ್ಲೂ ಹಾಡಿದ ಸೀಮೆಯಲ್ಲಿ ತಾನು ಒಂದರಲ್ಲೇ ಹಾರೈಸಿದರೆ ಹೇಗೆ ಎನ್ನುವುದು ಅವನ ವಾದ. ವಾದವೇನೋ ಸರಿ. ಫೋನಿನಲ್ಲಿ ಎರಡರಷ್ಟು ಜಾಗ ಹೋಗುತ್ತದೆ, ಅಷ್ಟೆ.

ಈ ಜಾಗದ ಗೋಳು ಸಣ್ಣದೇನಲ್ಲ. ಭಾರತೀಯರ ಫೋನುಗಳು ಯಾಕೆ ಪದೇ ಪದೇ ತುಂಬಿ ಸ್ತಬ್ಧವಾಗುತ್ತವೆ ಎಂದು ಗೂಗಲ್‌ನವರು ತಲೆಕೆಡಿಸಿಕೊಂಡು ಹುಡುಕಿದಾಗ ಸಿಕ್ಕಿಬಿದ್ದ ಕಳ್ಳ ಇದೇ ಗುಲಾಬಿ. 2018ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಇದನ್ನು ವಿಸ್ತಾರವಾಗಿಯೇ ಬರೆಯಿತು. ಇಂಥ ಚಿತ್ರಗಳನ್ನು ಹೆಕ್ಕಿ ಒಟ್ಟಿಗೆ ಗುಡಿಸಿಹಾಕಲು ನೆರವಾಗುವ 'ಫೈಲ್ಸ್ ಗೋ' ಎಂಬ ಆ್ಯಪನ್ನು ಗೂಗಲ್ ಅಷ್ಟು ಹೊತ್ತಿಗೆ ಬಿಟ್ಟೂ ಆಗಿತ್ತು. ಅಕ್ಕನ ಮಗ ಈ ಸುದ್ದಿ ಹೇಳಿದಾಗ ಲಿಸ್ಟಣ್ಣ ನಾಚುತ್ತಾನೆಂದು ಎಲ್ಲರೂ ಕಾದರು. ಅವನು ಕುರ್ಚಿಯ ತುದಿಗೆ ಬಂದು ಕುಳಿತು, "ಅಮೆರಿಕಾದವ್ರೂ ನೋಡವ್ರಾ?" ಎಂದ.

ಈ ಸಾಮ್ರಾಜ್ಯ ಹುಟ್ಟಿದ್ದು ಟೊಮೆಟೊ ಮಂಡಿಯಲ್ಲಿ, ಮತ್ತು ಹುಟ್ಟುವಾಗ ಅದು ಉಪಯೋಗದ ಮಗುವೇ ಆಗಿತ್ತು. ಬೆಳಗ್ಗೆ ಕಾಯಿ ಕಿತ್ತು ಬಾಕ್ಸ್ ತುಂಬಿಸುವ ರೈತನಿಗೆ ಆ ದಿನ ಕೋಲಾರಕ್ಕೆ ಹಾಕಬೇಕೋ, ಚಿಂತಾಮಣಿಗೋ, ವಡ್ಡಹಳ್ಳಿಗೋ, ಗಡಿದಾಟಿ ಮದನಪಲ್ಲಿಗೋ ಎಂಬುದು ಜೀವನ್ಮರಣದ ಪ್ರಶ್ನೆ. ಮಂಡಿಯಲ್ಲಿ ಓಡಾಡಿಕೊಂಡಿದ್ದ ಲಿಸ್ಟಣ್ಣ ನಾಲ್ಕೂ ಕಡೆಯ ರೇಟು ಕೇಳಿ ಒಂದೇ ಮೆಸೇಜಿನಲ್ಲಿ ಕಳಿಸುತ್ತಿದ್ದ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದಾಗ ಜನ ನಿದ್ದೆಗೆಟ್ಟು ಅವನ ಮೆಸೇಜಿಗೆ ಕಾದರು. ಎರಡು ನಿಮಿಷ ತಡವಾದರೆ ಫೋನು ಮಾಡಿ ಕೇಳಿದರು. ಕಾದದ್ದು ರೇಟಿಗೆ, ಲಿಸ್ಟಣ್ಣ ತಿಳಿದದ್ದು ತನಗೆ. ರೇಟು ಬಿತ್ತು. ಲಿಸ್ಟಣ್ಣ ಬೀಳಲಿಲ್ಲ.

ಗ್ರೂಪು ಯಾಕೆ ಮಾಡಲಿಲ್ಲ ಎಂದು ಕೇಳಿದರೆ ಅವನು ಮುಖ ಸಿಂಡರಿಸುತ್ತಾನೆ. ಗ್ರೂಪಿನ ರುಚಿ ಅವನು ನೋಡಿದ್ದಾನೆ. ಇವನು ಆಂಜನೇಯನನ್ನು ಹಾಕಿದ ಕೂಡಲೇ ಇನ್ನೊಬ್ಬ ಅದರ ಮೇಲೆ ಹಳೇ ಟ್ರ್ಯಾಕ್ಟರ್ ಮಾರಾಟಕ್ಕಿದೆ ಎಂದು ಹಾಕುತ್ತಾನೆ. ಮಗದೊಬ್ಬ ಹೇಳದೆ ಕೇಳದೆ 'ಲೆಫ್ಟ್' ಆಗುತ್ತಾನೆ. ಅವನು ಎದ್ದುಹೋದದ್ದು ಮದುವೆ ಪಂಕ್ತಿಯಿಂದ ಎದ್ದಂತೆ ಎಲ್ಲರಿಗೂ ಕಾಣುತ್ತದೆ. "ಗ್ರೂಪಲ್ಲಿ ನಾನೂ ಒಬ್ಬ. ಲಿಸ್ಟಲ್ಲಿ ನಾನೊಬ್ಬನೇ" ಎಂಬುದು ಅವನ ಸಿದ್ಧಾಂತ. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಲಿಸ್ಟಿನ ಗಮ್ಮತ್ತೇ ಅದು. ಕಳಿಸುವವನು ಒಂದು ಸಲ ಒತ್ತುತ್ತಾನೆ. ತಲುಪಿದವನಿಗೆ ಮಾತ್ರ ಅದು ತನಗೊಬ್ಬನಿಗೇ ಬರೆದಂತೆ, ಅವರಿಬ್ಬರ ಖಾಸಗಿ ಮಾತುಕತೆಯ ನಡುವೆ ಬಂದು ಕೂರುತ್ತದೆ. ಜೊತೆಯಲ್ಲಿ ಇನ್ನು ಯಾರಿದ್ದಾರೆಂದು ಅವನಿಗೆ ಗೊತ್ತಾಗುವುದಿಲ್ಲ.

ಒಂದು ಲಿಸ್ಟಿಗೆ 256 ಜನ. ಕಂಪ್ಯೂಟರಿನವರಿಗೆ ಇದು ಎರಡನ್ನು ಎಂಟು ಸಲ ಗುಣಿಸಿದರೆ ಬರುವ ಸೊಗಸಾದ ಸಂಖ್ಯೆ. ಲಿಸ್ಟಣ್ಣನಿಗೆ ಅದು ಸಣ್ಣ ಮನೆ. ಹೊಸದಾಗಿ ಬಂದ ಬ್ಯಾಂಕ್ ಮ್ಯಾನೇಜರನ್ನು ಒಳಗೆ ಬಿಡಬೇಕೆಂದರೆ ಯಾರನ್ನೋ ಹೊರಗೆ ಹಾಕಬೇಕು. ಕನ್ನಡಕ ಏರಿಸಿ ಅವನು ಒಂದೊಂದೇ ಹೆಸರನ್ನು ತೂಗುತ್ತಾನೆ: ಈತ ಸೋದರತ್ತೆಯ ಅಳಿಯ, ಬೇಡ, ಈತ ನಮ್ಮ ವಾರ್ಡಿನಲ್ಲಿ ಆರು ಓಟಿನ ಮನೆ, ಮುಟ್ಟುವಂತಿಲ್ಲ, ಈತ ಒಂದು ಸಲವೂ ಥಂಬ್ಸ್ ಅಪ್ ಹಾಕಿಲ್ಲ, ಆದರೆ ಪೆಂಡಾಲ್ ಅಂಗಡಿಯವನು, ಹಬ್ಬಕ್ಕೆ ಬೇಕಾಗುತ್ತಾನೆ. ಕೊನೆಗೆ ಯಾರನ್ನೂ ತೆಗೆಯಲು ಮನಸ್ಸು ಬಾರದೆ ಎರಡನೆಯ ಲಿಸ್ಟು ತೆರೆದ. ಈಗ ನಾಲ್ಕಿವೆ: ಬಂಧುಗಳು, ಮಂಡಿ, ವಾರ್ಡು, ಇತರೆ ಗಣ್ಯರು. ಕೆಲವರು ನಾಲ್ಕರಲ್ಲೂ ಇದ್ದಾರೆ. ಅವರ ಪಾಡು ಅವರಿಗೇ ಗೊತ್ತು.

ಹೋದ ಧನುರ್ಮಾಸದ ಕಥೆಯನ್ನು ಊರು ಇನ್ನೂ ಮರೆತಿಲ್ಲ. ಅವರೆಕಾಯಿ ಸುಗ್ಗಿ. ಬಾಮೈದ ಸಂಜೆ ಮನೆಗೆ ಬರುವುದಿತ್ತು. ಅವನಿಗೆಂದು ಲಿಸ್ಟಣ್ಣ ಬರೆದ: 'ಬರ್ತಾ ಎರಡು ಕೆಜಿ ಸೊಗಡಿನ ಅವರೆಕಾಯಿ ತಗೊಂಡ್ ಬಾ. ಹುಳ ನೋಡಿ ತಗೋ.' ಕನ್ನಡಕ ದೇವರ ಗೂಡಿನ ಹತ್ತಿರವಿತ್ತು, ಬೆರಳು 'ಇತರೆ ಗಣ್ಯರು' ಮೇಲೆ ಬಿತ್ತು. ಮೆಸೇಜು ಹೊರಟ ಮೇಲೆ ಸ್ನಾನಕ್ಕೆ ಹೋದ.

ಗಣ್ಯರೆಲ್ಲ ಅದನ್ನು ತಮಗೇ ಹೇಳಿದ್ದೆಂದು ಓದಿದರು. ಹೈಸ್ಕೂಲಿನಲ್ಲಿ ಅವನಿಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು, 'ಏನಯ್ಯಾ, ನನಗೇ ತಗೊಂಡ್ ಬಾ ಅಂತೀಯ?' ಎಂದು ಬರೆದರು. ಒಬ್ಬರು ಪ್ರಾಂಶುಪಾಲರು 'ಯಾವ ವಿಳಾಸಕ್ಕೆ?' ಎಂದು ಕೇಳಿದರು. ಇದರಲ್ಲೇನೋ ಗೂಢಾರ್ಥವಿರಬೇಕೆಂದು ಶಂಕಿಸಿದ ಕಂಟ್ರಾಕ್ಟರೊಬ್ಬ ಸುಮ್ಮನೆ ಒಂದು ಮೂಟೆಯನ್ನೇ ಆಟೋದಲ್ಲಿ ಹಾಕಿ ಕಳಿಸಿದ. ಕತ್ತಲಾಗುವಷ್ಟರಲ್ಲಿ ಜಗಲಿಯ ಮೇಲೆ ಏಳು ಕೈಚೀಲ, ಒಂದು ಮೂಟೆ. ಹೆಂಡತಿ ಬಾಯಿ ತೆರೆಯಲಿಲ್ಲ. ಬೀದಿಯ ಹೆಂಗಸರನ್ನೆಲ್ಲ ಕರೆದು ಚಾಪೆ ಹಾಸಿದರು. ಎರಡು ದಿನ ಆ ಜಗಲಿಯಲ್ಲಿ ಸುಲಿಯುವುದು, ಕಾಳು ನೆನೆಹಾಕುವುದು, ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿ ಬೇಳೆಯನ್ನು ಪಾತ್ರೆಗೆ ಚಿಮ್ಮಿಸುವುದು. ವಾರವಿಡೀ ಹಿತಕಿದ ಬೇಳೆ ಸಾರು. ಬಾಮೈದ ಮಾತ್ರ ಬರಿಗೈಯಲ್ಲಿ ಬಂದ. "ಆ ಲಿಸ್ಟಲ್ಲಿ ನೀನೂ ಇದ್ದೀಯಲ್ಲೋ!" ಎಂದು ಲಿಸ್ಟಣ್ಣ ಗದರಿದರೆ, "ನನಗ್ಯಾವ ಮೆಸೇಜೂ ಬಂದಿಲ್ಲ ಬಾವ" ಎಂದ. ಆಗ ಅದನ್ನು ಯಾರೂ ನಂಬಲಿಲ್ಲ.

ಈ ಚಾಳಿ ರಕ್ತದಲ್ಲೇ ಬಂದಿರಬೇಕು. ಅವನ ಅಪ್ಪನ ಕಾಲದಲ್ಲಿ ತಿರುಪತಿ ತಿಮ್ಮಪ್ಪನ ಹೆಸರಿನ ಕಾರ್ಡು ಬರುತ್ತಿತ್ತು: ಇದನ್ನು 21 ಜನಕ್ಕೆ ಬರೆದು ಹಾಕಿದವನಿಗೆ ನಿಧಿ, ಹರಿದುಹಾಕಿದವನು ರಕ್ತ ಕಾರಿದ. 15 ಪೈಸೆ ಕಾರ್ಡಿನ ಲೆಕ್ಕದಲ್ಲಿ ಭಕ್ತಿಗೆ ತಗಲುತ್ತಿದ್ದ ಖರ್ಚು ಮೂರು ರೂಪಾಯಿ ಹದಿನೈದು ಪೈಸೆ, ಜೊತೆಗೆ ಬೆರಳು ನೋವು. ಅಪ್ಪ ಏಳನೆಯ ಕಾರ್ಡಿಗೆ ಸುಸ್ತಾಗಿ, ಉಳಿದ ಹದಿನಾಲ್ಕನ್ನು ಮಗನ ಕೈಲಿ ಬರೆಸುತ್ತಿದ್ದರು. ಬೆರಳು ನೋಯದ ಕಾಲ ಬಂದ ಮೇಲೆ ತಡೆಯುವವರು ಯಾರು?

ತಡೆಯಲು ನೋಡಿದವರುಂಟು. 2012ರ ಆಗಸ್ಟಿನಲ್ಲಿ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಜನ ಬೆಂಗಳೂರಿನಿಂದ ರೈಲುಗಟ್ಟಲೆ ಊರಿಗೆ ಹೊರಟಾಗ, ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕೂಡದೆಂದು ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ಕಟ್ಟುಹಾಕಿತು. ಆರು ವರ್ಷದ ಮೇಲೆ ಅದೇ ಐದು ಮತ್ತೆ ಬಂತು. 2018ರಲ್ಲಿ ಮಕ್ಕಳ ಕಳ್ಳರ ಸುದ್ದಿ ಫೋನಿನಿಂದ ಫೋನಿಗೆ ಹಾರಿ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನೂ ತಪ್ಪು ಮಾಡದವರನ್ನು ಗುಂಪು ಬಡಿದು ಕೊಂದಿತು. ಮುರ್ಕಿಯಲ್ಲಿ ಸತ್ತವನು ಮಕ್ಕಳಿಗೆ ಚಾಕಲೇಟು ಕೊಟ್ಟ ಗುಂಪಿನಲ್ಲಿದ್ದ ಇಂಜಿನಿಯರು. ಅದೇ ಜುಲೈನಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ ಐದು ಚಾಟ್‌ಗೆ ಇಳಿಸಿತು. ಲಿಸ್ಟಣ್ಣನಿಗೆ ಸುಳ್ಳು ಹಬ್ಬಿಸುವ ಬುದ್ಧಿ ಇಲ್ಲ, ಆದರೆ ಜರಡಿಯೂ ಇಲ್ಲ. ಮಕ್ಕಳ ಕಳ್ಳರ ಆಡಿಯೊ ಅವನ ಲಿಸ್ಟಿನಿಂದಲೂ ಹೋಗಿತ್ತು. ಮುರ್ಕಿಯ ಸುದ್ದಿ ಪತ್ರಿಕೆಯಲ್ಲಿ ಓದಿದ ಮೇಲೆ ಮೂರು ದಿನ ಗುಲಾಬಿ ಅರಳಲಿಲ್ಲ. ನಾಲ್ಕನೆಯ ದಿನ ಬರೀ ಆಂಜನೇಯ ಬಂದ, ಲಿಸ್ಟಣ್ಣನ ಫೋಟೊ ಇಲ್ಲದೆ. ಆಮೇಲೆ ಎಲ್ಲ ಯಥಾಪ್ರಕಾರ. ಚಿತ್ರವನ್ನು ಗ್ಯಾಲರಿಗೆ ಇಳಿಸಿಕೊಂಡು ಹೊಸದಾಗಿ ಕಳಿಸಿದರೆ ಫಾರ್ವರ್ಡಿನ ಬಾಣದ ಗುರುತೂ ಕಾಣುವುದಿಲ್ಲ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು.

2023ರ ಸೆಪ್ಟೆಂಬರಿನಲ್ಲಿ ವಾಟ್ಸ್ಆ್ಯಪ್ ಚಾನೆಲ್ ಭಾರತಕ್ಕೆ ಬಂದಾಗ ಮೊದಲ ವಾರದಲ್ಲೇ ಒಂದು ತೆರೆದ. ಎಷ್ಟು ಸಾವಿರ ಜನ ಬೇಕಾದರೂ ಸೇರಬಹುದು. ಸೇರಿದವರು ನಲವತ್ತೊಂದು. ಅದಕ್ಕವನು ಬೇಸರಪಡಲಿಲ್ಲ. ಚಾನೆಲ್ಲಿನಲ್ಲಿ ಯಾರೂ ಮರಳಿ 'ತಮಗೂ ಶುಭೋದಯ ಅಣ್ಣಾ' ಎಂದು ಬರೆಯುವಂತಿರಲಿಲ್ಲ, ಎಮೋಜಿ ಒತ್ತಬಹುದಿತ್ತು ಅಷ್ಟೆ. "ಗೋಡೆಗೆ ನಮಸ್ಕಾರ ಹಾಕಿದಂಗೆ" ಎಂದು ಬಿಟ್ಟುಬಿಟ್ಟ.

ನಿಜವಾದ ಪೆಟ್ಟು ಬಿದ್ದದ್ದು ಹೋದ ಯುಗಾದಿಯ ಮಾರನೆಯ ದಿನ. ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ಒಬ್ಬಟ್ಟು ತಿನ್ನುತ್ತಾ ಕೇಳಿದ: "ಮಾವ, ಇದು ಎಷ್ಟು ಜನಕ್ಕೆ ಮುಟ್ಟುತ್ತೆ ಅಂತ ಯಾವತ್ತಾದ್ರೂ ನೋಡಿದ್ದೀಯ?"

"ಅದ್ರಲ್ಲಿ ನೋಡೋದೇನೈತೆ? ನಾಲ್ಕು ಲಿಸ್ಟು. ಸಾವಿರದ ಮೇಲೆ."

ಹುಡುಗ ಫೋನು ತಗೊಂಡು 'ಬಂಧುಗಳು' ಲಿಸ್ಟಿನ ಬೇವು ಬೆಲ್ಲದ ಮೇಲೆ ಬೆರಳಿಟ್ಟು ಒತ್ತಿ ಹಿಡಿದ, ಇನ್‌ಫೋ ತೆರೆದ. ಓದಿದವರು ಅರವತ್ತು ಚಿಲ್ಲರೆ. ತಲುಪಿದ್ದು ಇನ್ನೊಂದು ಮೂವತ್ತಕ್ಕೆ. ಬಾಕಿಯವರಿಗೆ ಹೋಗೇ ಇಲ್ಲ. ಕಾರಣ ಬಲು ಸರಳ. ಅಪರಿಚಿತರು ಕಂಡಕಂಡವರಿಗೆ ಕಳಿಸಿ ಪೀಡಿಸದಿರಲಿ ಎಂದು ವಾಟ್ಸ್ಆ್ಯಪ್ ಒಂದು ನಿಯಮ ಇಟ್ಟಿದೆ: ಕಳಿಸುವವನ ನಂಬರನ್ನು ತನ್ನ ಫೋನಿನಲ್ಲಿ ಸೇವ್ ಮಾಡಿಕೊಂಡವನಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಮಿಕ್ಕವರ ಪಾಲಿಗೆ ಲಿಸ್ಟಣ್ಣ ಇಷ್ಟು ವರ್ಷ ಮುಂಜಾನೆಯಲ್ಲಿ ಗಾಳಿಗೆ ಕೈಮುಗಿದಿದ್ದ.

ಮುಟ್ಟದವರ ಹೆಸರನ್ನು ಹುಡುಗ ಒಂದೊಂದೇ ಓದಿದ. ಬೀಗರು. ಬಾಮೈದ. ಲಿಸ್ಟಣ್ಣನ ಹೆಂಡತಿ.

"ನೀನೂನಾ?"

ಅವರು ಒಲೆಯಿಂದ ತಲೆ ಎತ್ತಲಿಲ್ಲ. "ಇಪ್ಪತ್ತು ವರ್ಷದಿಂದ ಬಾಯಿಪಾಠ ಇರೋ ನಂಬರ್ನ ಸೇವ್ ಬೇರೆ ಮಾಡ್ಕೋಬೇಕಾ?"

ಮಾರನೆಯ ದಿನ ಚಿಂತಾಮಣಿಗೆ ಗುಲಾಬಿ ಬರಲಿಲ್ಲ. ಲಿಸ್ಟಣ್ಣನೇ ಬಂದ. ಇಸ್ತ್ರಿ ಅಂಗಿ, ಟಿವಿಎಸ್ ಎಕ್ಸೆಲ್, ಜೇಬಿನಲ್ಲಿ ನಾಲ್ಕೂ ಲಿಸ್ಟಿನ ಮುಟ್ಟದವರ ಹೆಸರಿನ ಚೀಟಿ. ಕೋಲಾರ ರಸ್ತೆಯಿಂದ ಶುರುಮಾಡಿ ಚೇಳೂರು ರಸ್ತೆಯವರೆಗೆ ಮನೆಮನೆಗೆ ಹೋಗಿ, ಕುಳಿತು, ನೀರು ಕುಡಿದು, "ನನ್ ನಂಬರ್ ಒಸಿ ಸೇವ್ ಮಾಡ್ಕೊಳ್ಳಿ" ಎಂದು ಕೇಳತೊಡಗಿದ. ತಾತಯ್ಯನವರು ತರುಣರಾಗಿದ್ದಾಗ ಈ ಸೀಮೆಯಲ್ಲಿ ಹೀಗೆಯೇ ಬಳೆ ಮಲಾರ ಹೊತ್ತು ಊರೂರು ತಿರುಗಿದ್ದರಂತೆ. ಅವರಿಗೆ ಎಕ್ಸೆಲ್ ಇರಲಿಲ್ಲ. ಬೀಗರಿಗೆ ಕಣ್ಣಿನ ಪೊರೆ ತೆಗೆಸಿ ಮೂರು ತಿಂಗಳಾಗಿತ್ತು. ಮಂಡಿಯ ಹಳೇ ಗೆಳೆಯನ ಬೋರು 1,400 ಅಡಿ ಹೋದರೂ ಬರೀ ಧೂಳು ಉಗುಳಿತ್ತು. ಒಂದು ಮನೆಯ ಗೋಡೆಯ ಮೇಲೆ ಯಜಮಾನರ ಫೋಟೊಗೆ ಹಾರ ಹಾಕಿತ್ತು. ಅವರು ತೀರಿಕೊಂಡು ಎರಡು ವರ್ಷ. ಈ ಸಂಕ್ರಾಂತಿಗೂ ಲಿಸ್ಟಣ್ಣ ಅವರಿಗೆ ಎಳ್ಳು ಬೆಲ್ಲ ಕಳಿಸಿದ್ದ. ಆ ಮನೆಯಲ್ಲಿ ಅವನು ನಂಬರಿನ ಮಾತು ಎತ್ತಲಿಲ್ಲ.

ಕೊನೆಗೆ ಪೆಂಡಾಲ್ ಅಂಗಡಿ. ಇವನು ಚೀಟಿಯಲ್ಲಿರಲಿಲ್ಲ, ದಿನಾ ತಲುಪುತ್ತಿದ್ದವರ ಪಟ್ಟಿಯವನು. ಆದರೂ ದಾರಿಯಲ್ಲಿತ್ತಲ್ಲ ಎಂದು ಇಳಿದ. ಅಂಗಡಿಯವನು ಟೀ ತರಿಸಲು ಹೊರಗೆ ಹೋಗಿದ್ದಾಗ ಅವನ ಫೋನು ಟೇಬಲ್ಲಿನ ಮೇಲೆ ಬಿದ್ದಿತ್ತು. ತನ್ನ ಹೆಸರು ಹೇಗೆ ಕಾಣುತ್ತದೆ ನೋಡೋಣ ಎಂದು ಲಿಸ್ಟಣ್ಣ ತನ್ನ ಫೋನಿನಿಂದ ಒಂದು ರಿಂಗ್ ಕೊಟ್ಟ. ಟೇಬಲ್ಲಿನ ಮೇಲೆ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಮೂಡಿತು: 'ಎತ್ಬೇಡ'.

ಲಿಸ್ಟಣ್ಣ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ. ಟೀ ಬಂತು. ಅರ್ಧ ಕುಡಿದು ಲೋಟ ಕೆಳಗಿಟ್ಟು, "ಏನಾದ್ರೂ ಆಗ್ಲಿ, ಸೇವ್ ಮಾಡ್ಕೊಂಡಿದ್ದೀಯಲ್ಲಪ್ಪ" ಎಂದು ಪೆಂಡಾಲ್ ಅಂಗಡಿಯವನ ಬೆನ್ನು ತಟ್ಟಿದ.