ಕಾಂಪೌಂಡಿನ ಹೊರಗಿನ ಕರಕಿ

ಪಂಚಾಂಗದ ಪ್ರಕಾರ ಯುಗಾದಿಯಿಂದ ವಸಂತ. ಅಥಣಿಯಲ್ಲಿ ಅದಕ್ಕೆ ಬ್ಯಾಸಿಗಿ ಅಂತಾರೆ. ಬೇವು ಹೂ ಬಿಟ್ಟಿದೆ, ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಿದೆ. ಬಿಲ್ಲು ಬಂದ ವರ್ಷ ಮನೆ ಏಳುತ್ತದೆ. ಮನೆ ಎದ್ದ ಮೇಲೆ ಮುಂದೊಂದು ಲಾನ್ ಬೇಕೇ ಬೇಕು. ಊರ ಹೊರಗಿನ ಬಡಾವಣೆಯಲ್ಲಿ ಅಂಥದೊಂದು ಮನೆಯ ಗೇಟಿನ ಬಲಕ್ಕೆ, ಗಟಾರದ ದಂಡೆಯ ಮೇಲೆ ಕರಕೆವ್ವ ಮಾತಿಗೆ ಸಿಕ್ಕಳು. ಬೆಂಗಳೂರಿನವರು ಗರಿಕೆ ಅನ್ನುವುದು ಇವಳನ್ನೇ. ವಯಸ್ಸು ಕೇಳಿದರೆ ಗಣಪತಿಯನ್ನು ಕೇಳು ಅಂದಳು.

ಕರಕೆವ್ವಾ, ಒಳಗೆ ಹುಲ್ಲು ಹಾಸುವ ಸಂಭ್ರಮ ನಡೆದಿದೆ. ನೀವು ಯಾಕೆ ಹೊರಗೆ?

ಮೊನ್ನಿ ತನಕ ಒಳಗs ಇದ್ನೆಪಾ ತಮ್ಮಾ. ಇದು ಪ್ಲಾಟ್ ಆಗೂದಕ್ಕಿಂತ ಮೊದಲು ಹೊಲ, ಅದರ ಬದುವಿನ ಮ್ಯಾಲ ನಾನು. ಜೆಸಿಬಿ ತಂದು ಕಿತ್ತು ಒಗದರು. ಉಳಿದ ಗೆಣ್ಣಿಗೆ ಹುಲ್ಲು ಸಾಯೋ ಎಣ್ಣಿ ಹೊಡದರು. ಸಂಜಿ ಮುಂದ ಒಂದು ಟೆಂಪೋ ಬಂತು, ಅದರಾಗ ಚಾಪಿ ಸುತ್ತಿದಾಂಗ ಸುತ್ತಿದ ಹಸರ ಹುಲ್ಲು, ಚದರ ಫೂಟಿನ ಲೆಕ್ಕದಾಗ. ಬರ್ಮುಡಾ ಅಂತ. ಯಾರ ಬಂದಾರ ಅಂತ ಹಣಿಕಿ ಹಾಕಿ ನೋಡಿದ್ರ, ನಮ್ಮ ಕಾಕಾನ ಮಗಳು!

ಏನು, ಸಂಬಂಧಿಕರೇ?

ಕೃಷಿ ಕಾಲೇಜಿನ ಪುಸ್ತಕ ತಗದು ನೋಡು. ಬರ್ಮುಡಾಕ್ಕೂ ಸೈನೋಡಾನ್ ಡ್ಯಾಕ್ಟಿಲಾನ್, ನನಗೂ ಸೈನೋಡಾನ್ ಡ್ಯಾಕ್ಟಿಲಾನ್. ನಮ್ಮ ಪೈಕಿ ಕೆಲವರು ಹೊರದೇಶದಾಗ ಸುಧಾರಿಸ್ಯಾರ. ಅಮೆರಿಕಾದ ಜಾರ್ಜಿಯಾದಾಗ ಟಿಫ್ಟನ್ ಅಂತ ಊರು, ಅಲ್ಲಿ ಗ್ಲೆನ್ ಬರ್ಟನ್ ಅನ್ನೋ ವಿಜ್ಞಾನಿ 1960ರಾಗ ಟಿಫ್‌ವೇ ಅನ್ನೋ ತಳಿ ಹೊರಗ ತಂದ. ಅರ್ಧಾ ನಮ್ಮ ವಂಶ, ಅರ್ಧಾ ಆಫ್ರಿಕಾದ ಇನ್ನೊಂದು ಹುಲ್ಲಿಂದು. ಎಲಿ ನಾಜೂಕು, ಗಾಲ್ಫ್ ಆಡಾಕ ಚಲೋ. ಬೀಜ ಕಟ್ಟೂದಿಲ್ಲ, ಅದಕ್ಕs ಮನಿತನಸ್ಥರಿಗೆ ಬಾಳ ಮೆಚ್ಚಿಗಿ.

ನಿಪ್ಪಾಣಿ ಕಡೆ ನಿಮ್ಮನ್ನು ಮರಾಠಿಯಲ್ಲಿ ಹರಳಿ ಅಂತಲೂ ಕರೆಯುತ್ತಾರಂತೆ. ನಿಮ್ಮ ಮಾತೃಭಾಷೆ ಯಾವುದು?

ದೂಧಗಂಗಾದ ಎರಡೂ ದಂಡಿಗೆ ನನ್ನ ಬಳ್ಳಿ ಐತಿ. 1967ರಾಗ ಕರ್ನಾಟಕ-ಮಹಾರಾಷ್ಟ್ರ ಗಡಿ ಬಗ್ಗೆ ಮಹಾಜನ ಆಯೋಗ ವರದಿ ಕೊಟ್ಟಾಗ ನನ್ನ ಯಾರೂ ಕೇಳಲಿಲ್ಲ. ದನಾನೂ ಕೇಳೂದಿಲ್ಲ, ಸುಮ್ನ ಮೇಯ್ತಾವ.

ಮನೆಯವರು ವಸಂತದಲ್ಲಿ ಹುಲ್ಲು ಹಚ್ಚಬೇಕು ಅಂತ ಮೊಬೈಲಿನಲ್ಲಿ ನೋಡಿದರಂತೆ.

ನೋಡ್ಯಾರ. ಅದು ಹಿಮಾ ಕರಗೋ ದೇಶದ ವಸಂತ. ಅವರಿಗೆ ಮಾರ್ಚ್‌ದಾಗ ನೆಲ ಬೆಚ್ಚಗಾಗತೈತಿ, ನಮಗ ಮಾರ್ಚ್‌ದಾಗ ನೆಲ ಕಾದ ಹಂಚು. ಇಲ್ಲಿ ಹುಲ್ಲು ಹಚ್ಚಾಕ ಮಿರಗದ ಮಳಿ ಬೀಳಬೇಕು, ಜೂನ್ ಬರಬೇಕು. ಆದ್ರ ಬಸವ ಜಯಂತಿಗೆ ಗೃಹಪ್ರವೇಶ. ಅಕ್ಷಯ ತದಿಗಿ ಮುಹೂರ್ತಕ್ಕ ನೆಲ ಹಸರ ಇರಬೇಕು, ಬೀಗರು ಫೋಟೋ ತೆಗೀಬೇಕು. ಹಿಂಗಾಗಿ ದಿನಾ ಎರಡ ಹೊತ್ತು ಪೈಪ್ ಹಿಡೀತಾರ. ಲೆಕ್ಕಾ ಹಾಕು: ಒಂದು ಗುಂಟೆ ಲಾನ್, 1,089 ಚದರ ಫೂಟು. ಅದರ ಮ್ಯಾಲ ಐದು ಮಿಲಿಮೀಟರ್ ನೀರು ನಿಲ್ಲಿಸಿದ್ರ 500 ಲೀಟರ್ ಆತು. ದಿನಕ್ಕ. ಅತ್ಲಾಗ ಕೃಷ್ಣಾ ಹೊಳ್ಯಾಗ ಬಂಡಿಗಲ್ಲು ಕಾಣಾಕ ಹತ್ತಿರ್ತಾವ, ಕೊಯ್ನಾ ಡ್ಯಾಮಿನಿಂದ ನೀರು ಬಿಡ್ರಿ ಅಂತ ಬೆಂಗಳೂರಿಂದ ಮುಂಬೈಗೆ ಪತ್ರ ಹೋಗಿರ್ತೈತಿ. ನಮ್ಮ ಮನಿ ಯಜಮಾನರು ತಹಶೀಲ್ದಾರ್ ಕಚೇರಿ ಮುಂದ ನೀರಿನ ಸಲುವಾಗಿ ಘೋಷಣೆ ಕೂಗಿ, ಗಂಟಲಾ ಒಣಗಿಸಿಕೊಂಡು ಮನಿಗೆ ಬಂದು, ಮೊದಲು ಪೈಪ್ ಹಚ್ಚೂದು ಲಾನಿಗೆ.

ನಿಮಗೆ ಯಾರು ನೀರು ಬಿಡುತ್ತಾರೆ?

ಗಟಾರ.

(ಇಲ್ಲಿ ಕರಕೆವ್ವ ಸ್ವಲ್ಪ ಹೊತ್ತು ಸುಮ್ಮನಾದಳು. ಒಂದು ಆಡು ಬಂದು ಅವಳ ತುದಿಯನ್ನು ಕಚ್ಚಿ ಹೋಯಿತು. ಅದಕ್ಕೆ ಅವಳು ಏನೂ ಅನ್ನಲಿಲ್ಲ.)

ಹೊಲದಲ್ಲಿ ರೈತರಿಗೆ ನಿಮ್ಮಿಂದ ತೊಂದರೆ ಇರುವುದು ಸುಳ್ಳೇ?

ಸುಳ್ಳಲ್ಲ. ಕುಳಿ ಕಬ್ಬಿನ ಸಾಲಿನಾಗ ನಾ ಹೊಕ್ಕೆ ಅಂದ್ರ ಗೊಬ್ಬರ ಮೊದಲು ನನಗ, ಆಮ್ಯಾಲ ಕಬ್ಬಿಗೆ. ತಪ್ಪು ನಂದs. ಆದ್ರ ನನ್ನ ಬೆಳಸಿದವರು ಯಾರು? ಮೊದಲು ಬ್ಯಾಸಗ್ಯಾಗ ನೇಗಿಲ ಆಳ ಹೊಡದು, ಬೇರು ಆರಿಸಿ, ಬದುವಿನ ಮ್ಯಾಲ ಬಿಸಲಿಗೆ ಒಗೀತಿದ್ರು. ಸಾಯ್ತಿದ್ನೆಪಾ. ಈಗ ಬಾಡಿಗಿ ರೋಟಾವೇಟರ್ ಬರತೈತಿ. ಒಂದು ಬಳ್ಳಿ ಇದ್ದದ್ದು ಹತ್ತು ತುಂಡು ಆಗತೈತಿ, ಹತ್ತೂ ಗೆಣ್ಣು ಬೇರು ಬಿಡ್ತಾವ. ತಾಸಿನ ಲೆಕ್ಕದಾಗ ರೊಕ್ಕಾ ಕೊಟ್ಟು ನನ್ನ ನಾಟಿ ಮಾಡ್ಸಿಕೊಂಡು, ಮರುದಿನ ಅಂಗಡಿಗೆ ಹೋಗಿ ಹುಲ್ಲಿನ ಎಣ್ಣಿ ಕೇಳ್ತಾರ. ಆ ಎಣ್ಣ್ಯಾಗಿನ ಗ್ಲೈಫೋಸೇಟ್ ಬಗ್ಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಾಗ ಆದೇಶ ತಗದೇತಿ, ಕೀಟ ನಿಯಂತ್ರಣದವರನ್ನ ಬಿಟ್ಟು ಬ್ಯಾರೆ ಯಾರೂ ಹೊಡೀಬಾರದು ಅಂತ. ಆ ಆದೇಶ ಇನ್ನೂ ದಾರ್ಯಾಗ ಐತೇನೋ.

ಸವಳು ಭೂಮಿಯಲ್ಲಂತೂ ನಿಮ್ಮದೇ ರಾಜ್ಯ.

ಹೊಳಿ ದಂಡಿ ಹೊಲಕ್ಕ ನೀರು ಬಿಟ್ಟು ಬಿಟ್ಟು, ಉಪ್ಪು ಮ್ಯಾಲ ಬಂದು, ಕಬ್ಬು ಹಳದಿ ಆದ ಮ್ಯಾಲ ಉಳಿಯೋದು ನಾನs. 2019ರ ಮಹಾಪೂರದಾಗ ನೀರಿನ ತಳಾ ಕಂಡೆ. ನೀರು ಇಳದ ಮ್ಯಾಲ ಕೆಸರಿನಾಗ ಮೊದಲು ಚಿಗತದ್ದು ನಾನು, ದನದ ಬಾಯಿಗೆ ಆಸರ ಆದದ್ದೂ ನಾನು. ಆವಾಗ ಯಾರೂ ಕಸ ಅನ್ನಲಿಲ್ಲ ನೋಡು.

ಚೌತಿ ದಿನ?

ಆವತ್ತು ನಾನs ಯಜಮಾನಿ! ಇದs ಮನ್ಯವರು ಬೆಳಿಗ್ಗೆ ಎದ್ದು ಮಡಿ ಉಟ್ಟು, ಗಟಾರಕ್ಕ ಬಂದು ಬಗ್ಗಿ, ಮೂರೆಸಳಿಂದು ಹುಡುಕಿ 21 ಆರಿಸ್ತಾರ. ಒಳಗ ಗುಂಟೆಗಟ್ಟಲೆ ಐತಲ್ರೀ ಅಂದ್ರ, ಅದು ಲಾನ್, ದೇವರಿಗೆ ನಡಿಯೂದಿಲ್ಲ ಅಂತಾರ. ಗಣಪತಿಗೆ ಯಾವ ನರ್ಸರಿ ಬಿಲ್ಲು ತೋರಸ್ತಾರೋ!

ಹೊಸದಾಗಿ ಲಾನ್ ಮಾಡುವವರಿಗೆ ಏನು ಹೇಳುತ್ತೀರಿ?

ಗಿಡದ ನೆರಳಿನಾಗ ಹಾಸಬ್ಯಾಡ್ರಿ, ನಮಗ ಬಿಸಲs ಊಟ. ಬ್ಯಾಸಗ್ಯಾಗ ಗೀಚಿ ಗೀಚಿ ಬೋಳಿಸಬ್ಯಾಡ್ರಿ, ಒಂದೂವರಿ ಇಂಚು ಇರಲಿ. ಒಂದs ಸಲಕ್ಕ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಕೊಯ್ಯಬ್ಯಾಡ್ರಿ. ದಿನಾ ಮುಖಾ ತೊಳಿಯೂದಕ್ಕಿಂತ ನಾಕು ದಿನಕ್ಕೊಮ್ಮೆ ಮುಂಜಾನೆ ಬೇರಿಗೆ ಮುಟ್ಟೂವಾಂಗ ಕುಡಸ್ರಿ. ಕೊಟ್ಟಗಿ ಗೊಬ್ಬರ ಪೂರಾ ಕಳಿಯದs ಹಾಕಿದ್ರ ಕಾಂಗ್ರೆಸ್ ಕಸ, ಜೇಕು ಎಲ್ಲಾ ಬೀಗರು ಬಂದಾಂಗ ಬರ್ತಾವ. ಇಷ್ಟೂ ಆಗೂದಿಲ್ಲ ಅಂದ್ರ ಗಟಾರದ ದಂಡಿಯಿಂದ ನಾಕು ಗೆಣ್ಣು ಒಯ್ದು ಮಿರಗಕ್ಕ ಹಚ್ಚ್ರಿ. ಬಿಟ್ಟಿ.

ಅವರು ಒಪ್ಪುತ್ತಾರೆಯೇ?

ಬಿಟ್ಟಿ ಸಿಕ್ಕಿದ್ದನ್ನ ಗೇಟಿನ ಮುಂದ ಯಾರ್ ಇಡ್ತಾರೋ ತಮ್ಮಾ?

ಕೊನೆಯ ಪ್ರಶ್ನೆ. ಮುಂದಿನ ಯೋಜನೆ ಏನು?

ಪುರಸತ್ತಿಲ್ಲೋ, ಅಲ್ಲಿ ಪೇವರ್ ಕೂಡ್ಸಾಕ ಹತ್ಯಾರ. ಎರಡು ಬ್ಲಾಕಿನ ಸಂದ್ಯಾಗ ಉಸುಕು ತುಂಬೂದರೊಳಗ ನಾ ಹೊಕ್ಕಿರಬೇಕು. ಸ್ವಲ್ಪ ಕಾಲ ತಗಿ, ನನ್ನ ಬಳ್ಳಿ ಮ್ಯಾಲ ನಿಂತೀದಿ.