ಗಾಜಿಗಂಟಿದ ಪಾಚಿ

ಹಲಸಿಗೆ ಹೆಸರಾದ ನಮ್ಮ ಚೇಳೂರಿನಲ್ಲಿ ಮೇಣ ಬಿಡಿಸುವುದು ಮಕ್ಕಳಿಗೂ ಗೊತ್ತು. ಕೈಗಿಷ್ಟು, ಕತ್ತಿಗಿಷ್ಟು ಎಣ್ಣೆ ಸವರಿದರೆ ಮುಗಿಯಿತು. ನಮ್ಮ ಹಜಾರದ ಮೀನಿನ ತೊಟ್ಟಿಯ ಗಾಜಿಗೆ ಹಿಡಿದಿರುವ ಪಾಚಿ ಬಿಡಿಸುವ ವಿದ್ಯೆ ಮಾತ್ರ ಯಾರಿಗೂ ಇಲ್ಲ. ಸಲಹೆ ಎಲ್ಲರ ಬಳಿಯೂ ಇದೆ.

ಈ ಹಸಿರು ಚುಕ್ಕೆ ಬಟ್ಟೆಗೆ ಜಗ್ಗುವುದಿಲ್ಲ, ತೆಂಗಿನ ನಾರಿಗೂ ಬಗ್ಗುವುದಿಲ್ಲ. ಸೋಪು ಹಾಕಿದರೆ ಮೀನುಗಳ ಕತೆಯೇ ಮುಗಿಯಿತು. ಹಾಗಾಗಿ ಹಳೇ ಎಟಿಎಂ ಕಾರ್ಡು ಹಿಡಿದು, ಕೈಯನ್ನು ಮೊಣಕೈವರೆಗೆ ನೀರಲ್ಲಿಳಿಸಿ ಕೆರೆಯುತ್ತೇನೆ. ಆ ಕಾರ್ಡಿನಿಂದ ದುಡ್ಡು ಬಂದದ್ದು ಕಮ್ಮಿ. ಪಾಚಿಯಾದರೂ ಚೂರುಚೂರಾಗಿ ಬರುತ್ತದೆ. ಗೋಲ್ಡ್‌ಫಿಶ್‌ಗಳು ಊಟ ಬಂತೆಂದು ಆ ಚೂರನ್ನು ಬಾಯಿಗೆ ಹಾಕಿಕೊಂಡು, ನನ್ನ ಮುಖ ನೋಡಿ ಉಗುಳುತ್ತವೆ.

"ರೀ, ಅಡುಗೆಮನೆ ಸಿಂಕನ್ನ ಯಾವತ್ತಾದ್ರೂ ಹಿಂಗೆ ಉಜ್ಜಿದ್ದೀರಾ?" ಎಂಬ ಪ್ರಶ್ನೆ ಬೆನ್ನಿಗೆ ಬಂದು ಬೀಳುತ್ತದೆ. ಕೈ ನೀರಲ್ಲಿದ್ದಾಗ ನನಗೆ ಕಿವಿ ಕೇಳಿಸುವುದಿಲ್ಲ.

ಪಾಚಿಗೆ ಕಾರಣ ಗುಟ್ಟೇನಲ್ಲ: ಕಿಟಕಿಯ ಬಿಸಿಲು, ಹೆಚ್ಚಾದ ಮೇವು, ಅದು ಕೊಳೆತು ಹುಟ್ಟುವ ನೈಟ್ರೇಟು, ಫಾಸ್ಫೇಟು. ದೀಪ ದಿನಕ್ಕೆ 6–8 ಗಂಟೆ ಸಾಕು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಒಳ್ಳೆಯದು. ಇದನ್ನೆಲ್ಲ ಅಮ್ಮನಿಗೆ ಹೇಳುವವರಾರು? ಮೀನು ಉಸಿರಾಡಲು ಬಾಯಿ ತೆರೆದರೂ, "ಹಸ್ಕೊಂಡವೆ ಕಣಪ್ಪ, ಪಾಪ" ಎಂದು ಇನ್ನೊಂದು ಚಿಟಿಕೆ ಉದುರಿಸುತ್ತಾರೆ.

ಪಕ್ಕದ ಮನೆಯವರದು ಸಕ್ಕರ್ ಮೀನಿನ ಸಲಹೆ. ಪಾಚಿಯನ್ನು ಅದೇ ನೆಕ್ಕುತ್ತದಂತೆ. ತರುವಾಗ ಬೆರಳುದ್ದ, ಬೆಳೆದರೆ ಅಡಿ ಮೀರುವ ಪ್ರಾಣಿ ಅದು. ಸಾಕಲಾರದವರು ಕೆರೆಗೆ ಬಿಟ್ಟು, ಅಲ್ಲಿನ ಮೀನುಗಳಿಗೂ ತೊಂದರೆ ತಂದಿದ್ದಾರೆ. ಅದಿರಲಿ, ಅಮ್ಮನ ಕೈಮೇವು ಸಿಗುವ ಮನೆಯಲ್ಲಿ ಅದು ಗಾಜು ನೆಕ್ಕುತ್ತದೆಂಬ ನಂಬಿಕೆ ನನಗಿಲ್ಲ.